ತಿಳಿನೀರು

ಥೊವಾ ಅಜ್ಜಿಯ ಬಾವಿನೀರಿಗೆ ಚಹಾ ಹಾಕಿದರೆ
ಮಸಿ.
ಕಬ್ಬಿಣ, ಅನ್ನುತ್ತಾಳೆ ಹಲ್ಲು ತೋರಿಸಿ,
ಹುಡುಗಿಯಾಗಿದ್ದಾಗ ಅರಗು ಬಳಿಸಿಕೊಂಡ ಹಲ್ಲು.
ಕಪ್ಪು ನನಗೇನು ಹೊಸದೇ?
ಆದರೂ ಚಹಾ ಕೆಡಬಾರದೆಂದು
ಎಂದೋ ಕಟ್ಟಿಸಿದ್ದಳು ಎರಡು ಸಿಮೆಂಟು ತೊಟ್ಟಿ:
ಮೇಲಿನದರಲ್ಲಿ ಕೆಂಪುನದಿಯ ಮರಳು,
ಕೆಳಗಿನದರಲ್ಲಿ ಸೋಸಿದ ನೀರು.

ಬೇಲಿಯಾಚೆ ಹ್ವಾನ್ ಮನೆಯ ನೀರು ಕನ್ನಡಿ.
ಅಲ್ಲಿ ಚಹಾ ಎಳೆಬಿದಿರ ಹಸಿರು.
ಸೋಸುವುದೇತಕ್ಕೆ?
ಹೊಸವರ್ಷದ ಹಬ್ಬಕ್ಕೆ ಅರ್ಧ ಊರು
ಅವನಲ್ಲೇ ಕೊಡ ತುಂಬಿಕೊಳ್ಳುತ್ತದೆ.

ನನ್ನ ಪೆಟ್ಟಿಗೆಯ ಸೀಸೆಗಳ ತಳದಲ್ಲಿ
ಚಿಟಿಕೆ ಪುಡಿ:
ಕರುಳಲ್ಲಿ ಬಾಳುವ ಜೀವಿಗೆ
ಕಡಲ ಜೀವಿಯ ಬೆಳಕು ಕಸಿ ಕಟ್ಟಿದ್ದು.
ನೀರು ಬಿದ್ದರೆ ಎದ್ದು ಕೂರುತ್ತವೆ, ಕೋಟಿ ಕೋಟಿ.
ಪಾಷಾಣ ಒಳಹೊಕ್ಕರೆ
ಹೊರದಬ್ಬಲು ಬಾಗಿಲು ತಡಕುತ್ತವೆ;
ಆ ಅಗುಳಿಗೇ ನಾವು
ದೀಪದ ದಾರ ಕಟ್ಟಿಟ್ಟಿದ್ದೇವೆ.

ಪಾಷಾಣ. ಕಲ್ಲೆಂದೂ ಅರ್ಥ, ವಿಷವೆಂದೂ.
ಮೇಲಿನ ಬೆಟ್ಟ ಸವೆದು, ಮಣ್ಣಾಗಿ ಇಳಿದು
ಇಲ್ಲಿ ಮಲಗಿತ್ತು ತನ್ನ ಪಾಡಿಗೆ.
ಕೊಳವೆ ಇಳಿಸಿ ಎಬ್ಬಿಸಿದವರು ನಾವು.

ಸಂಜೆ ಕರೆಂಟು ಹೋಯಿತು, ಅಳೆಯುವ ಯಂತ್ರವೂ ಸತ್ತಿತು.
ಅಜ್ಜಿ ಹತ್ತಿಯ ಕೌದಿ ತಂದಳು.
ಸೀಸೆ ಹಿಡಿದು ಇಬ್ಬರೂ ಮುಸುಕಿನೊಳಗೆ,
ಕದ್ದು ತಿನ್ನುವ ಮಕ್ಕಳ ಹಾಗೆ.
ಕಣ್ಣು ಕತ್ತಲೆಗೆ ಪಳಗಲು ಇಪ್ಪತ್ತು ನಿಮಿಷ.
ಅವಳ ಉಸಿರಲ್ಲಿ ಎಲೆ, ಸುಣ್ಣ.

ಅವಳ ಸೀಸೆಯಲ್ಲಿ ಏನಿಲ್ಲ.
ಚಹಾ ಉಳಿಸಲು ಹಾಕಿದ ಮರಳು
ಕಬ್ಬಿಣದ ಜತೆಗೆ ಅದನ್ನೂ ಹಿಡಿದಿಟ್ಟಿತ್ತು,
ಹೇಳದೆ ಕೇಳದೆ.
ಹ್ವಾನನದು...
“ಮಿಂಚುಹುಳ ಬಿಟ್ಟಿದ್ದೀಯಾ?”
ನೆಟ್ಟು ನೋಡಿದರೆ ಇಲ್ಲ, ಓರೆಗಣ್ಣಿಗೆ ಉಂಟು,
ತೊಳೆದು ತೊಳೆದು ಮಾಸಿದ ನೀಲಿ.
ಚೆಂದ, ಅಂದಳು. ನಾನೂ ಅಂದೆ.
ಆಮೇಲೆ ಇಬ್ಬರೂ ಸುಮ್ಮನಾದೆವು.

ಬೆಳಿಗ್ಗೆ ಅವನ ಅಂಗೈ ಕೇಳಿ ನೋಡಿದೆ:
ಎಳ್ಳು ಚೆಲ್ಲಿದಂತೆ ಗಡುಸು ಗಂಟು.
ದೋಣಿ ನಡೆಸಿದ ಕೈ, ನಗುತ್ತಾನೆ,
ಬಟ್ಟಲು ನನ್ನತ್ತ ಸರಿಸುತ್ತಾನೆ.
ನಿನ್ನೆ ಎರಡು ಕುಡಿದಿದ್ದೆ, ಹೊಗಳಿದ್ದೆ.
ಇವತ್ತು ಬೇಡ ಅಂದೆ.
ವರದಿಯ ಮೊದಲ ಸಾಲು
ಅವನು ಓದಿಕೊಂಡದ್ದು ಅಲ್ಲಿ.

ಹೊರಡುವ ಮುಂಚೆ ಸೀಸೆಗಳಿಗೆಲ್ಲ ಬ್ಲೀಚು. ನಿಯಮ.
ಉರಿದವೂ ಉರಿಯದವೂ ಒಂದೇ ಬಾರಿ.
ಹಗಲಾದ್ದರಿಂದ
ಆರಿದ್ದು ಯಾರಿಗೂ ಕಾಣಲಿಲ್ಲ.

ಬೇಲಿಯ ಕಂಡಿಯಲ್ಲಿ ಅಜ್ಜಿ
ಒಂದು ಕೊಡ ದಾಟಿಸುತ್ತಿದ್ದಳು, ಏದುಸಿರು ಬಿಡುತ್ತ:
“ಹಿಡಿ. ನಾಳೆ ಖಾಲಿ ಕೊಡ
ತೊಳೆದು ತಾ.”