ಉರ್ಫ್

ಶಿವಾಜಿನಗರ ಕೋರ್ಟಿನ ಗೋಡೆಗೆ ಆತು ನಿಂತಿದೆ ನನ್ನ ಮೇಜು.
ಒಂದು ಕಾಲು ಗಿಡ್ಡ, ಅದರಡಿ
ಮಡಚಿಟ್ಟ ಹಳೇ ಛಾಪಾ ಕಾಗದ.
ಕನ್ನಡದಿಂದ ಇಂಗ್ಲಿಷಿಗೆ, ಪುಟಕ್ಕೆ ಮುನ್ನೂರು.
ಮರಾಠಿಯವರ ಸಾಲು ಪಕ್ಕದ ಮೇಜಿಗೆ;
ನನ್ನಲ್ಲಿಗೆ ವಾರಕ್ಕೆ ನಾಲ್ಕು ಜನ ಬಂದರೆ ಹಬ್ಬ.
ಪಹಣಿ ತರುತ್ತಾರೆ, ಮದುವೆಯ ನೋಂದಣಿ ತರುತ್ತಾರೆ,
ಒಮ್ಮೊಮ್ಮೆ ಮರಣ.

ಇವತ್ತು ಹುಟ್ಟು.

ಮಹಾನಂದಾ ತೇಲಿ. ಪಾಷಾಣ ರಸ್ತೆಯ ಲ್ಯಾಬಿನಲ್ಲಿ
ಹನ್ನೊಂದು ವರ್ಷ ಗಾಜು ತೊಳೆದು ತೊಳೆದು
ಗಾಜಿನೊಳಗೆ ನೋಡಲು ಕಲಿತವಳು.
ಮೂವತ್ತೆಂಟಕ್ಕೆ ಮತ್ತೆ ವಿದ್ಯಾರ್ಥಿನಿ, ಕಡಲಾಚೆ.
ಅರ್ಜಿಯ ಪ್ರಕಾರ ಮಗಳು ಅವಲಂಬಿತೆ.
ಗಂಡನೂ ಅವಲಂಬಿತ.
ಗುರುಲಿಂಗ ಆ ಶಬ್ದದ ಮೇಲೆ ಬೆರಳಿಟ್ಟು
ಎರಡು ಸಲ ನಕ್ಕ. ಎರಡನೆಯದು ಸಣ್ಣದು.

ಫೈಲು ದಪ್ಪಗಿದೆ.
ದುಡ್ಡು ಬ್ಯಾಂಕಿನಲ್ಲಿ ಇಪ್ಪತ್ತೆಂಟು ದಿನ
ಬಾಣಂತಿಯ ಹಾಗೆ ಮಲಗಿರಬೇಕು, ಹೊಸ್ತಿಲು ದಾಟಬಾರದು.
‘ಇವತ್ತಿಗೆ ಹತ್ತೊಂಬತ್ತಾತ್ರೀ. ಗ್ಯಾಸಿನ ಸಿಲಿಂಡರೂ ಉದ್ರಿ.’
ಮನೆ ವಿಳಾಸವಿಲ್ಲದೆ ಅಲ್ಲಿ ಶಾಲೆಯಿಲ್ಲ;
ಶಾಲೆ ಗೊತ್ತಾಗದೆ ಮನೆ ಹಿಡಿಯುವುದು ಎಲ್ಲಿ?
ಫೋಟೋದಲ್ಲಿ ಕಿವಿ ಕಾಣಬೇಕು, ಹಲ್ಲು ಕಾಣಬಾರದು.
ಎದುರಿನ ಎರಡೂ ಬಿದ್ದಿರುವ ಹುಡುಗಿ
ಸ್ಟುಡಿಯೋದವನನ್ನು ಕೇಳಿದ್ದಳಂತೆ:
ಇಲ್ಲದ ಹಲ್ಲು ಕಂಡರೆ ನಡೆಯುತ್ತದಾ?

ಈಗ ಮೂಲ ಕಾಗದ. ಇಂಡಿ ತಾಲೂಕು, ತಾಯಿಯ ತವರು.
ಗ್ರಾಮ ಪಂಚಾಯತಿಯ ಗುಂಡು ಅಕ್ಷರ.
ಮಗುವಿನ ಹೆಸರು: ಅಂಬವ್ವ.
ಶಾಲೆಯ ದಾಖಲೆ, ಆಧಾರ, ಪಾಸ್‌ಪೋರ್ಟು, ಲಸಿಕೆಯ ಕಾರ್ಡು,
ಎಲ್ಲದರಲ್ಲೂ ಆರೋಹಿ.

‘ನಮ್ಮವ್ವ ಬರಸ್ಯಾಳ್ರೀ, ಆಕಿ ಅವ್ವನ ಹೆಸರು.
ನಾ ಇನ್ನಾ ಹಾಸಿಗಿ ಬಿಟ್ಟು ಎದ್ದಿದ್ದಿಲ್ಲ.
ಇಷ್ಟು ವರ್ಷ ಈ ಕಾಗದಾ ಯಾರೂ ಓದಿರಲಿಲ್ರೀ.’
ಗುರುಲಿಂಗ ಮೇಜಿನ ಮೇಲೆ ಬಾಗಿದ:
‘ಇಂಗ್ಲಿಷಿನ್ಯಾಗ ಆರೋಹಿ ಅಂತ ಹಾಕಿಬಿಡ್ರಲ್ಲ.
ಅವರಿಗೇನು ಕನ್ನಡಾ ಬರ್ತದ?’

ನಿಜ. ಅಲ್ಲಿ ಯಾರೂ ಓದುವುದಿಲ್ಲ.
ಇಲ್ಲಿಯೂ, ಈ ಗೇಟಿನಿಂದ ಆ ಗೇಟಿನವರೆಗೆ,
ಓದುವವಳು ನಾನೊಬ್ಬಳೇ.
ಅದಕ್ಕೇ ಆಗಲಿಲ್ಲ.
ನನ್ನ ಸಿಕ್ಕೆಯಲ್ಲಿರುವುದು ಒಂದೇ ಮಾತು: ಮೂಲದಂತೆ.
ಐನೂರರ ಛಾಪಾ ಕಾಗದ ತನ್ನಿ, ಪ್ರತಿಜ್ಞಾಪತ್ರ ಮಾಡೋಣ,
ಅಂಬವ್ವ ಉರ್ಫ್ ಆರೋಹಿ,
ಎರಡೂ ಹೆಸರಿನವಳು ಒಬ್ಬಳೇ ಎಂದು.

ಚಹಾದಲ್ಲಿ ಅದ್ದಿದ ಬಿಸ್ಕೀಟು ಕಳಚಿ ಬಿತ್ತು.
ಹುಡುಗಿ ಅದನ್ನು ನೋಡಲಿಲ್ಲ.
‘ಅಂಬವ್ವ ಯಾರು?’
ನೀನ.
‘ಯಾವಾಗಿನಿಂದ?’
ತಾಯಿ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು.
ಮೊದಲಿಂದ, ಅಂದಳು.

ಹುಡುಗಿ ಬಾಯಿಯೊಳಗೇ ಹೇಳಿ ನೋಡಿದಳು,
ಹಲ್ಲಿಲ್ಲದ ಕಿಂಡಿಯಲ್ಲಿ ಒತ್ತಕ್ಷರ ಗಾಳಿಯಾಗಿ ಸೋರಿತು.
ಅಂಬಫ. ಅಂಬವ.
ಆಮೇಲೆ ನನ್ನನ್ನೇ ಕೇಳಿದಳು, ತಪ್ಪು ನನ್ನದೇ ಎಂಬಂತೆ:
‘ಅಲ್ಲಿ ಹಾಜರಿ ಕರೆದಾಗ ಯಾವುದಕ್ಕೆ ಬಂದೆ ಅನ್ನಲಿ?’

ನಿಯಮ ಗೊತ್ತಿತ್ತು: ಪಾಸ್‌ಪೋರ್ಟಿನಲ್ಲಿ ಇದ್ದದ್ದಕ್ಕೆ.
ಹೇಳಿದೆ.
ಅವಳು ತಲೆಯಾಡಿಸಿದಳು, ಒಪ್ಪಿದ ಹಾಗೆ ಅಲ್ಲ,
ಕೇಳಿಸಿಕೊಂಡ ಹಾಗೆ.

ಟೈಪು ಮಾಡಿದೆ. ಅಂಬವ್ವಳಿಗೆ ಎರಡು ವಿ.
ಅಲ್ಲಿ ಯಾವ ನಾಲಿಗೆಯೂ ಅಲ್ಲಿ ನಿಲ್ಲುವುದಿಲ್ಲ,
ಒಂದು ಹಾಕಿದ್ದರೂ ಸಾಗುತ್ತಿತ್ತು.
ಸಿಕ್ಕೆ, ಸಹಿ, ತಾರೀಖು. ಚಿಲ್ಲರೆ ಇರಲಿಲ್ಲ ಅವರಲ್ಲಿ.

ಹೋದವರು ಗೇಟಿನಿಂದ ತಿರುಗಿ ಬಂದರು.
ಹುಡುಗಿ ನೀರಿನ ಬಾಟಲಿ ಮರೆತಿದ್ದಳು;
ಮೇಲೆ ಚೀಟಿ, ಮರಾಠಿಯಲ್ಲಿ: ಆರೋಹಿ, ತಿಸರಿ ಬ.
ಅದನ್ನು ನನ್ನ ಮುಂದೆ ಹಿಡಿದು
ಖಾಲಿ ಜಾಗಕ್ಕೆ ಬೆರಳು ತೋರಿಸಿದಳು. ‘ಇನ್ನೊಂದು ಬರೀರಿ.
ಕನ್ನಡದಾಗ. ನನಗ ಬರೆಯಾಕ ಬರೂದಿಲ್ಲ.’

ಬರೆದೆ. ಪುಟವಲ್ಲದ್ದಕ್ಕೆ ದರವಿಲ್ಲ, ಸಿಕ್ಕೆಯೂ ಇಲ್ಲ.
ಪ್ಲಾಸ್ಟಿಕ್ಕಿನ ಮೇಲೆ ಶಾಯಿ ಬೇಗ ಒಣಗುವುದಿಲ್ಲ.
ಅಂಗಿಗೆ ತಾಗದಂತೆ ಕೈ ಉದ್ದ ಚಾಚಿ ಹಿಡಿದು
ರಿಕ್ಷಾಗಳ ನಡುವೆ ದಾಟಿದಳು,
ಊದುತ್ತ, ಊದುತ್ತ.