ಓದು, ಬರೆ, ನಡೆ

ಒಂದೊಂದು ಪುಟದ ನೆತ್ತಿಯ ಮೇಲೂ ಮೂರು ಅಪ್ಪಣೆ:
ಓದು. ಬರೆ. ನಡೆ.
ಬರೆಯುವ ಪುಟದಲ್ಲಿ ನಡೆಯುವಂತಿಲ್ಲ,
ನಡೆಯುವ ಪುಟದಲ್ಲಿ ಬರೆಯುವಂತಿಲ್ಲ.
ಕಳ್ಳ ತಾನೇ ಬರೆದ ದಾರಿಯಲ್ಲಿ ತಾನೇ ನಡೆದು
ಒಳಮನೆಗೆ ನುಗ್ಗಬಾರದಲ್ಲ, ಅದಕ್ಕೆ.

ಕಾರ್ಡ್ಲ ಬಂದರಿನ ಹಿಂದೆ,
ಮೀನಿಗೆ ಹೊಗೆ ಹಾಕುವ ಶೆಡ್ಡಿನ ಮಗ್ಗುಲಲ್ಲಿ
ನನ್ನ ಬಾಡಿಗೆ ಕೋಣೆ. ಮೂರು ರಾತ್ರಿಯಾಯಿತು.
ಕರ್ನಲ್ಲಿನೊಳಗೆ ಒಂದು ಪುಟವನ್ನು ಮುಚ್ಚಿದ್ದೇನೆ:
ಪುಟಪಟ್ಟಿಯ ತನಕ ಹೋಗಿ, ‘ಬರೆ’ಯ ಬಿಟ್ ಒಂದನ್ನು
ಒಂದರಿಂದ ಸೊನ್ನೆಗೆ ಇಳಿಸಿ ಬಂದಿದ್ದೇನೆ,
ಕೈಯಾರೆ, ಕಣ್ಣಾರೆ.
ಆದರೂ ಬೆಳಗಿನ ಜಾವ ನೋಡಿದರೆ
ಬರೆಯಬೇಡವೆಂದ ಮೈಮೇಲೆ ಹೊಸ ಬರೆ.
ಹತ್ತು ಸಲಕ್ಕೆ ಒಮ್ಮೆ, ನೂರಕ್ಕೆ ಒಮ್ಮೆ;
ಕಣ್ಣಿಟ್ಟು ಕೂತರೆ ಇಲ್ಲವೇ ಇಲ್ಲ.

ಕೆಳಗಿನ ಮನೆಯ ಎಂಡೆಲ್ ಸಂಜೆ ಬರುತ್ತಾರೆ,
ಕಾಗದದಲ್ಲಿ ಸುತ್ತಿದ ಹೊಗೆಮೀನು, ಕರಿ ರೊಟ್ಟಿ ಹಿಡಿದು.
ಎಂಬತ್ತೆರಡು ವಯಸ್ಸು. ಬಲೆ ಹೆಣೆದ ಬೆರಳುಗಳು
ಖಾಲಿ ಗಾಳಿಯಲ್ಲೂ ಗಂಟು ಹಾಕುತ್ತವೆ.
ಎಡಗಾಲು ಸ್ವಲ್ಪ ಎಳೆಯುತ್ತಾರೆ, ಸೊಂಟದ ನೋವಿರಬೇಕು.
ಜೂನ್ ತಿಂಗಳು; ಈ ದ್ವೀಪಕ್ಕೆ ಕತ್ತಲೆಯೇ ಹತ್ತುವುದಿಲ್ಲ.
ದಡದ ಕಲ್ಲಿನ ಮೇಲೆ ಕೂತು ತಿನ್ನುತ್ತೇವೆ. ಮಾತು ಕಮ್ಮಿ.
ಹತ್ತು ಗಂಟೆಗೆ ಐದು ನಿಮಿಷ ಇದೆ ಎನ್ನುವಾಗ
ಎದ್ದು, ಮೈ ಕೊಡವಿಕೊಂಡು, ಒಳಗೆ ಹೊರಡುತ್ತಾರೆ.
ಸೂರ್ಯ ಇನ್ನೂ ನೀರಿನ ಮೇಲೆ ಮೊಣಕೈ ಊರಿದ್ದಾನೆ.
“ಯಾಕೆ?” ಎಂದೆ ಮೊದಲ ದಿನ.
“ಹತ್ತಾಯಿತು” ಎಂದರು,
ಮಳೆ ಬಂತು ಎನ್ನುವ ಹಾಗೆ.

ಆಗ ದಡವೆಂದರೆ ಗಡಿಯಂತೆ.
ಸಂಜೆ ಸೈನಿಕರು ಮರಳಿಗೆ ಹಲುಬೆ ಎಳೆದು ಹೋಗುತ್ತಿದ್ದರಂತೆ,
ಗೆರೆ ಗೆರೆ, ನಾಲ್ಕಾಳು ಅಗಲ,
ಏನನ್ನೂ ಬಿತ್ತದ ಹೊಲ.
ಬೆಳಗ್ಗೆ ಬಂದು ಓದುತ್ತಿದ್ದರಂತೆ:
ಬಾತಿನ ಹೆಜ್ಜೆ, ನರಿಯ ಹೆಜ್ಜೆ,
ಒಮ್ಮೆ ಬರಿಗಾಲಿನ ಯಾವನೋ ಹುಡುಗನದು.
ಅವನ ಅಪ್ಪನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು.
ಯಾವ ಹುಡುಗನೆಂದು ಇವರು ಹೇಳಲಿಲ್ಲ,
ನಾನು ಕೇಳಲಿಲ್ಲ.
ಆ ಪಟ್ಟಿ ಬದಲಾಗಿ ಮೂವತ್ತು ವರ್ಷ ದಾಟಿದೆ,
ನಾನು ಹುಟ್ಟುವ ಮೊದಲೇ.

ನಿನ್ನೆ ರಾತ್ರಿ ಎರಡಕ್ಕೆ, ಹಲ್ಲುಜ್ಜುವಾಗ ಹೊಳೆಯಿತು.
ತಪ್ಪು ಪಟ್ಟಿಯದಲ್ಲ.
ಎಂಟು ಕೋರುಗಳಿವೆ. ಒಂದಕ್ಕೂ
ಪ್ರತಿ ಸಲ ಪಟ್ಟಿಯ ತನಕ ಹೋಗಿ ಕೇಳಲು ಪುರುಸೊತ್ತಿಲ್ಲ;
ಕಿಸೆಯಲ್ಲೊಂದು ಚೀಟಿ ಇಟ್ಟುಕೊಂಡಿರುತ್ತವೆ:
ಇಂಥ ಪುಟ, ಇಂಥ ಅಪ್ಪಣೆ.
ನಾನು ನನ್ನ ಕೋರಿನ ಚೀಟಿ ಹರಿದಿದ್ದೆ.
ಉಳಿದ ಏಳಕ್ಕೆ ಹೇಳಿಯೇ ಇರಲಿಲ್ಲ.
ಐದನೆಯದು, ಪಾಪ, ನಿಯತ್ತಿನದು,
ಹಳೆಯ ಚೀಟಿ ನೋಡಿಕೊಂಡು
ಬರೆಯುತ್ತಲೇ ಇತ್ತು.

ಒಂದು ಸಾಲು ಸೇರಿಸಿದೆ. ಅದು ಏಳೂ ಬಾಗಿಲು ತಟ್ಟುತ್ತದೆ:
ಕೈಯಲ್ಲಿರುವುದನ್ನು ಕೆಳಗಿಡು. ಮರೆ. ಮರೆತೆ ಎನ್ನು.
ಏಳೂ ಹಾಗೆನ್ನುವ ತನಕ
ನಾನು ನಿಂತೇ ಕಾಯಬೇಕು.
ಅಪ್ಪಣೆ ಬದಲಿಸುವುದು ಹುಲ್ಲುಕಡ್ಡಿ ಎತ್ತಿಟ್ಟ ಹಾಗೆ;
ಮರೆಸುವುದಿದೆಯಲ್ಲ, ಅದು ದುಬಾರಿ.

ಪ್ಯಾಚ್ ಕಳಿಸಿದೆ. ವಿವರಣೆಗೆಂದು
ನಾಲ್ಕು ವಾಕ್ಯ ಬರೆದು ಮೂರನ್ನು ಅಳಿಸಿದೆ.

ಇವತ್ತು ಹತ್ತಕ್ಕೆ ಐದು ನಿಮಿಷವಿದ್ದಾಗ
ಎಂಡೆಲರ ತೋಳು ಹಿಡಿದು
“ಇನ್ನೊಂದು ಗಳಿಗೆ ಕೂತಿರಿ” ಎನ್ನಲು ಬಾಯಿ ತೆರೆದೆ.
ಯಾವ ಬಾಗಿಲು ತಟ್ಟಲಿ? ಮೊಣಕಾಲಿನದೇ?
ಹಗ್ಗ ಸುಟ್ಟು ಉಳಿದ ಹುರಿಗೆ ಬಾಗಿಲೆಲ್ಲಿ?
ಅವರು ಮೀನಿನ ಮುಳ್ಳನ್ನು ಕಾಗದಕ್ಕೆ ಬಳಿದುಕೊಂಡು
ಎದ್ದರು.
ಮರಳಿನಲ್ಲಿ ಬಲಗಾಲು ಊರುತ್ತ,
ಅದರ ಗುರುತಿನ ಮೇಲೆ ಎಡಗಾಲನ್ನು ಎಳೆಯುತ್ತ,
ಒಂದೊಂದನ್ನೇ ಒರೆಸುತ್ತ ಹೋದರು.
ಬಾಗಿಲ ತನಕ ನೋಡಿದೆ.
ಸೊಂಟದ ನೋವಲ್ಲ ಅದು.