ಭೇಟಿಯ ಉದ್ದೇಶ

ಬಿಳಿ ಪರದೆಯ ಮುಂದೆ ಸ್ಟೂಲು.
ನಗಬೇಡ, ಅಂದೆ. ನಕ್ಕಳು.
ಕೋಂಢವಾದ ಈ ಅಂಗಡಿಯಲ್ಲಿ ಹದಿನೇಳು ವರ್ಷ
ನಗಬೇಡಿ ನಗಬೇಡಿ ಎಂದೇ ಹೊಟ್ಟೆ ಹೊರೆದವಳು ನಾನು.
ಎಂಟು ಫೋಟೊಗೆ ಅರವತ್ತು, ಝೆರಾಕ್ಸಿಗೆ ಎರಡು,
ಉದ್ರಿ ಇಲ್ಲ ಎಂಬ ಬೋರ್ಡು,
ಬೋರ್ಡಿನ ಹಿಂದೆ ಉದ್ರಿಯ ವಹಿ.

ಇಖ್ಲಾಸ್ ಬಾಬಿಕರ್, ಫಾರ್ಮಸಿ, ಮೂರನೇ ವರ್ಷ.
ಊರು ಸುಡಾನಿನ ಒಮ್ದುರ್ಮಾನ್.
ಮನೆ ಈಗಿಲ್ಲ, ಬಾಗಿಲು ಮಾತ್ರ ಇದೆಯಂತೆ,
ಪಕ್ಕದವರು ಚಿತ್ರ ಕಳಿಸಿದ್ದಾರೆ.
ತಾಯಿ ಕೈರೋದಲ್ಲಿ, ಫೈಸಲ್ ಬೀದಿಯ ನಾಲ್ಕನೇ ಮಾಳಿಗೆಯಲ್ಲಿ,
ತಂಗಿಯ ಮಕ್ಕಳ ನಡುವೆ ಒಂದು ಚಾಪೆಯಷ್ಟು ಜಾಗದಲ್ಲಿ.
ಓದಲು ಪರದೇಶಕ್ಕೆ ಬಂದ ಈ ಹುಡುಗಿ
ಇನ್ನೊಂದು ಪರದೇಶಕ್ಕೆ ಅರ್ಜಿ ಹಾಕಬೇಕು,
ಇಪ್ಪತ್ತು ದಿನಕ್ಕೆ.

ಫಾರ್ಮು ನನ್ನ ಗಾಜಿನ ಮೇಜಿನ ಮೇಲೆ.
ಭೇಟಿಯ ಉದ್ದೇಶ? ಮುಂದೆ ನಾಲ್ಕು ಚೌಕ:
ಪ್ರವಾಸ, ವ್ಯಾಪಾರ, ಚಿಕಿತ್ಸೆ, ಇತರೆ.
ಅವಳ ಹಿಂದಿಗೆ ಕಾಲಗಳಿಲ್ಲ,
ನೋಡಿದ್ದು ನೋಡುವುದು ಎಲ್ಲ ಒಂದೇ.
‘ಅಮ್ಮಾ ದೇಖ್‌ನಾ’ ಅನ್ನುತ್ತಾಳೆ,
ಬೆರಳು ಚೌಕದಿಂದ ಚೌಕಕ್ಕೆ ಹೋಗಿ
ಇತರೆಯ ಮೇಲೆ ನಿಂತು, ಮತ್ತೆ ಹೊರಡುತ್ತದೆ.

ನಮ್ಮಲ್ಲಿ ಇದಕ್ಕೊಂದು ಮಾತಿದೆ, ತವರು ಅಂತ,
ಹೇಳಹೊರಟೆ. ಅದು ಊರೇ ಮನೆಯೇ
ತಾಯಿ ಹೊರಟಲ್ಲಿಗೆಲ್ಲ ಹಿಂದೆ ಹೋಗುವ ಹೆಸರೇ
ನನಗೇ ತಿಳಿಯದೆ ತಡವರಿಸುವಷ್ಟರಲ್ಲಿ
ಕರೆಂಟು ಹೋಯಿತು.

ಕತ್ತಲಲ್ಲಿ ಇಬ್ಬರೂ ಸುಮ್ಮನೆ.
ಇಂಡಿಗೆ ಇಲ್ಲಿಂದ ಒಂದು ರಾತ್ರಿಯ ಬಸ್ಸು, ಸೋಲಾಪುರದಲ್ಲಿ ಚಹಾ.
ನನಗೆ ಯಾವ ಕಚೇರಿಯೂ ಉದ್ದೇಶ ಕೇಳುವುದಿಲ್ಲ.
ಅಣ್ಣ ಕೇಳುತ್ತಾನೆ, ಬಾಯಿ ಬಿಟ್ಟಲ್ಲ.
ಹೊಲದ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೂ ಎರಡು ಫೋಟೊ ಬೇಕಿತ್ತು,
ಇದೇ ಸ್ಟೂಲು, ಇದೇ ಪರದೆ,
ಟೈಮರಿಟ್ಟು ನಾನೇ ತೆಗೆದುಕೊಂಡೆ.
ಅಂದಿನಿಂದ ಬಸ್ಸು ಹತ್ತಿಲ್ಲ.

ಕರೆಂಟು ಬಂತು. ಫಾರ್ಮು ಮುಂದಿನ ಪುಟ ಕೇಳುತ್ತಿದೆ:
ಮರಳಿ ಬರುವಿರೆಂಬುದಕ್ಕೆ ಆಧಾರ.
ಎಲ್ಲಿಗೆ ಮರಳಿ? ಇಲ್ಲಿಗೇ, ಪುಣೆಗೇ.
ಕಾಲೇಜಿನ ಬೋನಾಫೈಡ್. ಇಲ್ಲಿರುವ ಪರವಾನಗಿ.
ಬಾಡಿಗೆ ಕರಾರು, ಮಾಲಕ ಜಗತಾಪನ ಸಹಿ
ಅರ್ಧ ಹಾಳೆಯಾಚೆ ಹೋಗಿದೆ.
ಬ್ಯಾಂಕಿನ ಆರು ತಿಂಗಳು, ಕಟ್ಟಕಡೆಯ ಸಾಲಿನಲ್ಲಿ
ನಾಲ್ಕು ಸಾವಿರದ ಹನ್ನೊಂದು.
‘ಸಾಕಾ ಆಂಟಿ?’

ಬೋರ್ಡಿನ ಹಿಂದಿನಿಂದ ವಹಿ ತೆಗೆದೆ.
ಇಖ್ಲಾಸ್, ನಲವತ್ತಾರು ರೂಪಾಯಿ, ಕನ್ನಡದಲ್ಲಿ,
ಇಲ್ಲಿ ಬೇರೆ ಯಾರೂ ಓದಲಾರರು.
ಇದನ್ನೂ ಝೆರಾಕ್ಸ್ ಮಾಡಿಕೊಡಲೇ?
ಸಾಲ ಇಟ್ಟು ಓಡುವ ಹುಡುಗಿಯಲ್ಲ ಎಂದು ಕೆಳಗೆ ಸಹಿ ಹಾಕುತ್ತೇನೆ.
ನಕ್ಕಳು ನೋಡಿ,
ಆ ನಗುವಿಗೇ ಎಲ್ಲ ದೇಶಗಳೂ ಹೆದರುವುದು.

ಮಂಗಳವಾರ ನಸುಕಿನಲ್ಲಿ ಮುಂಬಯಿಗೆ ಹೋದಳು, ರೈಲಿನಲ್ಲಿ ನಿಂತೇ.
ರಾತ್ರಿ ನಾನು ಶಟರ್ ಎಳೆಯುವಾಗ ಬಂದಳು,
ಫೈಲನ್ನು ಕೂಸಿನ ಹಾಗೆ ಅವಚಿಕೊಂಡು.
ಒಂದು ಕಾಗದ ಕಡಿಮೆಯಂತೆ.
ತಾಯಿ ಅಲ್ಲಿ ಇರುವುದಕ್ಕೆ ಪುರಾವೆ.
ಶಟರ್ ಅರ್ಧ ಎತ್ತಿ ಬಗ್ಗಿ ಒಳಹೊಕ್ಕೆವು.

ಅವಳ ಫೋನಿಗೆ ಕೈರೋದಿಂದ ಬಂದಿತ್ತು
ಕರೆಂಟಿನ ಬಿಲ್ಲು, ಯಾರದೋ ಹೆಸರಿನಲ್ಲಿ.
ಅಂಚು ಹಿಡಿದ ಹೆಬ್ಬೆರಳು ಮಾತ್ರ ಅಮ್ಮನದು,
ಉಗುರಿಗೆ ಮಾಸಿದ ಮದರಂಗಿ.
ಹೀಗೆ ಬೆರಳು ಬಂದರೆ ಕತ್ತರಿಸಿ ತೆಗೆಯಬೇಕು, ರೂಢಿ.
ಮೌಸಿನ ಮೇಲೆ ಕೈಯಿಟ್ಟು ತುಸು ಹೊತ್ತು ಕೂತೆ.

ಕತ್ತರಿಸಲಿಲ್ಲ.
ಕಪ್ಪು ಬಿಳುಪಿನಲ್ಲಿ ಎರಡು ಪ್ರತಿ.
ವಹಿಯಲ್ಲಿ ನಲವತ್ತಾರು ಹೊಡೆದುಹಾಕಿ
ಐವತ್ತು ಬರೆದುಕೊಂಡೆ.